ನಿಮ್ಮ ಇಮೇಲ್ ಸೇವೆ ಬಂದ್ ಆಗುತ್ತಿದೆಯೇ? ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟರ್‌ನೆಟ್ ಸಂಪರ್ಕದ ಜೊತೆಗೆ ಸಿಕ್ಕ ಮೇಲ್ ಐಡಿಯನ್ನೇ ಹತ್ತಾರು ವರ್ಷ ನೆಚ್ಚಿಕೊಂಡು ಬಂದವರು ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳು, ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಗಳು, ಗದಗಿನ ಮುದ್ರಣಾಲಯಗಳು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಧಾರವಾಡದ ನಿವೃತ್ತ ಪ್ರಾಧ್ಯಾಪಕರು, ಹೀಗೆ ಎಲ್ಲ ಬಗೆಯವರೂ ಇವರಲ್ಲಿದ್ದಾರೆ. ಕಂಪನಿಯೊಂದು ಇಂಥ ಸೇವೆಯನ್ನು ನಿಲ್ಲಿಸಿದಾಗ ಇವರಿಗೆ ಆಗುವ ತೊಂದರೆ ಸಣ್ಣದಲ್ಲ, ಅವರ ಸಿಟ್ಟೂ ಅಕಾರಣವಲ್ಲ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಮತ್ತು ಮೇಲ್ ವ್ಯವಸ್ಥೆಯ ಕೆಲಸ ಮಾಡಿಕೊಂಡಿರುವ ನನ್ನ ಬಳಿಗೆ ಅವರು ತರುವ ಪ್ರಶ್ನೆಗಳನ್ನೂ, ನನಗೆ ಖಚಿತವಾಗಿ ತಿಳಿದಿರುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಸೇವೆ ನಿಲ್ಲುತ್ತದೆ ಎಂದು ಬಂದಿರುವ ಮೇಲ್ ನಿಜವೋ, ಮೋಸವೋ?

ಎರಡೂ ಇರಬಹುದು, ಆದ್ದರಿಂದ ಆ ಮೇಲ್‌ನಲ್ಲಿರುವ ಯಾವ ಲಿಂಕನ್ನೂ ಒತ್ತಬೇಡಿ. ಕಂಪನಿಯ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆದು, ಅಲ್ಲಿಯೂ ಅದೇ ಪ್ರಕಟಣೆ ಇದೆಯೇ ಎಂದು ನೋಡಿ, ಇಲ್ಲವೆಂದರೆ ನಿಮ್ಮ ಹಳೆಯ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ನಿಜವಾದ ಪ್ರಕಟಣೆ ಕೊನೆಯ ದಿನಾಂಕವನ್ನು ಹೇಳುತ್ತದೆಯೇ ಹೊರತು ಪಾಸ್‌ವರ್ಡ್ ಕೇಳುವುದಿಲ್ಲ. ‘ಇಪ್ಪತ್ನಾಲ್ಕು ಗಂಟೆಯೊಳಗೆ ಇಲ್ಲಿ ಪಾಸ್‌ವರ್ಡ್ ಹಾಕದಿದ್ದರೆ ನಿಮ್ಮ ಖಾತೆ ಅಳಿಸಿಹೋಗುತ್ತದೆ’ ಎಂಬ ಧಾಟಿ ಕಂಡರೆ ಅದು ಮೋಸವೆಂದೇ ತಿಳಿಯಿರಿ. ಈಗಾಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಅದನ್ನು ತಕ್ಷಣ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆಯೂ ಇದ್ದರೆ ಅಲ್ಲಿಯೂ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.

ಮೊದಲು ಏನು ಮಾಡಬೇಕು? ಹಳೆಯ ಮೇಲ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳಲೇ?

ಎಲ್ಲರ ಮನಸ್ಸೂ ಮೊದಲು ಹಳೆಯ ಪತ್ರಗಳ ಕಡೆಗೇ ಓಡುತ್ತದೆ. ಅದು ಸಹಜ, ಆದರೆ ಆ ಕ್ರಮ ತಪ್ಪು. ಪತ್ರಗಳನ್ನು ಕೊನೆಯ ವಾರದಲ್ಲಿಯೂ ನಕಲು ಮಾಡಿಕೊಳ್ಳಬಹುದು. ಆದರೆ ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ, ಡಿಮ್ಯಾಟ್ ಖಾತೆ ಮುಂತಾದವುಗಳಲ್ಲಿ ಐಡಿ ಬದಲಿಸಬೇಕಾದರೆ ಅನೇಕ ಸಲ ಹಳೆಯ ಐಡಿಗೇ ಒಂದು ಒಟಿಪಿ ಅಥವಾ ದೃಢೀಕರಣದ ಮೇಲ್ ಬರುತ್ತದೆ, ಹಳೆಯ ಮೇಲ್ ಪೆಟ್ಟಿಗೆ ಮುಚ್ಚಿದ ಮೇಲೆ ಅದನ್ನು ತೆರೆದು ನೋಡುವ ದಾರಿಯೇ ಇರುವುದಿಲ್ಲ. ಆದ್ದರಿಂದ ಮೊದಲ ದಿನವೇ ಹೊಸ ಐಡಿಯೊಂದನ್ನು ಮಾಡಿಕೊಂಡು, ಹಳೆಯ ಐಡಿ ಜೀವಂತವಾಗಿರುವಾಗಲೇ ಈ ಬದಲಾವಣೆಗಳನ್ನು ಮುಗಿಸಿರಿ. ಹಳೆಯ ಸೇವೆಯ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡ್ ಮಾಡುವ ಸೌಲಭ್ಯವಿದ್ದರೆ ಅದನ್ನೂ ಅಂದೇ ಹೊಸ ಐಡಿಗೆ ತಿರುಗಿಸಿಡಿ. ಹಾಗೆ ಮಾಡಿದರೆ ಕೊನೆಯ ದಿನದವರೆಗೆ ಬರುವುದೆಲ್ಲ ಎರಡೂ ಕಡೆ ಉಳಿಯುತ್ತದೆ, ಯಾರು ಯಾರು ಇನ್ನೂ ಹಳೆಯ ಐಡಿಗೆ ಬರೆಯುತ್ತಿದ್ದಾರೆ ಎಂಬುದೂ ಹೊಸ ಪೆಟ್ಟಿಗೆಯಲ್ಲಿಯೇ ಕಾಣುತ್ತದೆ.

ಆ ಐಡಿಯನ್ನು ಎಲ್ಲೆಲ್ಲಿ ಕೊಟ್ಟಿದ್ದೇನೆ ಎಂಬುದೇ ನೆನಪಿಲ್ಲ. ಹುಡುಕುವುದು ಹೇಗೆ?

ನೆನಪನ್ನು ನಂಬಬೇಡಿ, ಪೆಟ್ಟಿಗೆಯನ್ನೇ ಕೇಳಿ. ಹಳೆಯ ಮೇಲ್ ತೆರೆದು ಹುಡುಕುವ ಜಾಗದಲ್ಲಿ ಒಟಿಪಿ, ವೆರಿಫೈ, ಸ್ಟೇಟ್‌ಮೆಂಟ್, ಇನ್‌ವಾಯ್ಸ್, ಪಾಲಿಸಿ, ರಿನ್ಯೂವಲ್, ಪಾಸ್‌ವರ್ಡ್, ವೆಲ್‌ಕಮ್ ಎಂಬ ಪದಗಳನ್ನು ಒಂದೊಂದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಯಾವ ಯಾವ ಸಂಸ್ಥೆಗಳಿಂದ ಮೇಲ್ ಬಂದಿದೆಯೋ ಅವುಗಳ ಹೆಸರನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತ ಹೋಗಿ. ಸ್ಪ್ಯಾಮ್ ಪೆಟ್ಟಿಗೆಯಲ್ಲಿಯೂ ಹುಡುಕಿ. ವಿಮೆಯ ನವೀಕರಣದ ಸೂಚನೆಗಳು ಅಲ್ಲಿ ಸಿಗುವುದು ಹೊಸದೇನಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳ ಪಟ್ಟಿಯನ್ನು ತೆರೆದರೆ ಬಳಕೆದಾರರ ಹೆಸರಿನ ಜಾಗದಲ್ಲಿ ಹಳೆಯ ಐಡಿ ಎಲ್ಲೆಲ್ಲಿ ಇದೆ ಎಂಬುದೂ ತಿಳಿಯುತ್ತದೆ.

ವ್ಯಾಪಾರಸ್ಥರು ಜಿಎಸ್‌ಟಿಗೆ ಮೊದಲ ಸ್ಥಾನ ಕೊಡಬೇಕು. ಅಲ್ಲಿ ಅಧಿಕೃತ ಸಹಿದಾರರ ಮೇಲ್ ಐಡಿ ಮತ್ತು ಮೊಬೈಲ್ ನಂಬರನ್ನು ನೋಂದಣಿಯ ತಿದ್ದುಪಡಿಯ ಮೂಲಕ ನೀವೇ ಬದಲಿಸಬಹುದು, ಅಧಿಕಾರಿಯ ಒಪ್ಪಿಗೆಗಾಗಿ ಕಾಯಬೇಕಿಲ್ಲ. ಆದರೆ ಲಾಗಿನ್ ಮಾಡಲು ಬರುವಂತಿರಬೇಕು. ಬಳಕೆದಾರರ ಹೆಸರೂ ಗೊತ್ತಿಲ್ಲ, ನೋಂದಣಿಯ ಸಮಯದಲ್ಲಿ ಕೊಟ್ಟ ಐಡಿ ಮತ್ತು ಮೊಬೈಲ್ ಎರಡೂ ಮತ್ಯಾರದ್ದೋ ಆಗಿವೆ ಎಂಬ ಸ್ಥಿತಿ ನಮ್ಮಲ್ಲಿ ತುಂಬ ಕಾಣುತ್ತದೆ. ಹಿಂದೆ ಲೆಕ್ಕ ಬರೆಯುತ್ತಿದ್ದವರು ತಮ್ಮ ಐಡಿಯನ್ನೇ ಹಾಕಿ ನೋಂದಣಿ ಮಾಡಿಸಿರುತ್ತಾರೆ. ಅಂಥವರು ದಾಖಲೆಗಳನ್ನು ತೆಗೆದುಕೊಂಡು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡರೆ, ಪರಿಶೀಲನೆಯ ನಂತರ ಹೊಸ ಐಡಿ ಮತ್ತು ಮೊಬೈಲ್ ನಂಬರನ್ನು ಅವರೇ ದಾಖಲಿಸಿ ಕೊಡುವ ವ್ಯವಸ್ಥೆ ಇದೆ. ಆದಾಯ ತೆರಿಗೆಯ ಜಾಲತಾಣದಲ್ಲಿ ಇಷ್ಟು ಕಷ್ಟವಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಅದಕ್ಕೆ ಬರುವ ಒಟಿಪಿಯಿಂದ ಪಾಸ್‌ವರ್ಡ್ ಹೊಸದು ಮಾಡಿಕೊಂಡು, ನಂತರ ಪ್ರೊಫೈಲ್‌ನಲ್ಲಿ ಐಡಿಯನ್ನು ಬದಲಿಸಬಹುದು.

ಇವುಗಳ ನಂತರ ಬ್ಯಾಂಕು, ಡಿಮ್ಯಾಟ್ ಮತ್ತು ಮ್ಯೂಚುವಲ್ ಫಂಡ್, ಎಲ್‌ಐಸಿ, ಭವಿಷ್ಯ ನಿಧಿ, ಪಾಸ್‌ಪೋರ್ಟ್, ರೈಲ್ವೆ ಟಿಕೆಟ್ ಖಾತೆ, ಫೇಸ್‌ಬುಕ್ ಪುಟ, ಗೂಗಲ್ ನಕ್ಷೆಯಲ್ಲಿರುವ ನಿಮ್ಮ ಅಂಗಡಿಯ ನೋಂದಣಿ, ಜಾಲತಾಣವಿದ್ದರೆ ಅದರ ಡೊಮೈನ್ (ಅಂದರೆ ಜಾಲತಾಣದ ನೋಂದಾಯಿತ ಹೆಸರು) ಖಾತೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಡೊಮೈನ್ ನವೀಕರಿಸಬೇಕೆಂಬ ಎಚ್ಚರಿಕೆ ಸತ್ತ ಐಡಿಗೆ ಹೋಗಿ, ಹಣ ಕಟ್ಟದೆ ಉಳಿದು, ಮೇಲ್‌ನ ಜೊತೆಗೆ ಜಾಲತಾಣವೂ ಕೈಬಿಟ್ಟು ಹೋಗುವುದುಂಟು.

ಹಳೆಯ ಪತ್ರಗಳನ್ನು ಉಳಿಸಿಕೊಳ್ಳುವ ಸರಿಯಾದ ವಿಧಾನ ಯಾವುದು?

ನಿಮ್ಮ ಸೇವೆ ಐಮ್ಯಾಪ್ ಸೌಲಭ್ಯ (ಸರ್ವರ್, ಅಂದರೆ ಕಂಪನಿಯ ಮೇಲ್ ಯಂತ್ರದಲ್ಲಿರುವ ಫೋಲ್ಡರುಗಳನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ತೋರಿಸುವ ವಿಧಾನ) ಕೊಡುತ್ತದೆಯೇ ಎಂದು ಮೊದಲು ನೋಡಿ. ಕೊಡುತ್ತಿದ್ದರೆ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರಲ್ಲಿ ಹಳೆಯ ಖಾತೆಯನ್ನು ಜೋಡಿಸಿ. ಸರ್ವರಿನ ಹೆಸರು ಕಂಪನಿಯ ಸಹಾಯ ಪುಟದಲ್ಲಿರುತ್ತದೆ, ಪೋರ್ಟ್ ಸಾಮಾನ್ಯವಾಗಿ 993. ಪತ್ರಗಳೆಲ್ಲ ಪರದೆಯ ಮೇಲೆ ಕಂಡವೆಂದು ಅಷ್ಟಕ್ಕೇ ಬಿಡಬೇಡಿ. ಐಮ್ಯಾಪ್‌ನಲ್ಲಿ ನಿಮಗೆ ಕಾಣುವುದು ಸರ್ವರಿನಲ್ಲಿರುವುದರ ಪ್ರತಿಬಿಂಬ ಮಾತ್ರ. ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಸಿಹೋಗುತ್ತದೆ. ಆದ್ದರಿಂದ ಇನ್‌ಬಾಕ್ಸ್, ಸೆಂಟ್ ಮತ್ತು ನೀವು ಮಾಡಿಕೊಂಡಿರುವ ಉಳಿದ ಫೋಲ್ಡರುಗಳನ್ನು ಎಡಬದಿಯ ಪಟ್ಟಿಯ ಕೆಳಗಿರುವ ‘ಲೋಕಲ್ ಫೋಲ್ಡರ್ಸ್’ ಎಂಬಲ್ಲಿಗೆ ನಕಲು ಮಾಡಬೇಕು. ನಂತರ ಇಂಟರ್‌ನೆಟ್ ತಂತಿಯನ್ನು ಕಿತ್ತು, ಹತ್ತು ವರ್ಷದ ಹಿಂದಿನ ಒಂದು ಪತ್ರವನ್ನೂ ಅದರ ಜೊತೆಗಿರುವ ಕಡತವನ್ನೂ ತೆರೆದು ನೋಡಿ. ಅದು ತೆರೆದುಕೊಂಡರೆ ಮಾತ್ರ ನಕಲು ನಿಜವಾಗಿ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದು ಅರ್ಥ. ಅದನ್ನೇ ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೂ ಹಾಕಿಡಿ.

ಬರೀ ಪಾಪ್ ಸೌಲಭ್ಯ (ಬಂದ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಇದ್ದರೆ ಇನ್‌ಬಾಕ್ಸ್ ಮಾತ್ರ ಇಳಿಯುತ್ತದೆ, ನೀವು ಕಳುಹಿಸಿದ ಪತ್ರಗಳು ಇಳಿಯುವುದಿಲ್ಲ. ವ್ಯಾಪಾರದ ತಕರಾರಿನಲ್ಲಿ ಬೇಕಾಗುವುದು ಹೆಚ್ಚಾಗಿ ನೀವು ಬರೆದ ಪತ್ರಗಳೇ. ಆದ್ದರಿಂದ ಸೆಂಟ್ ಫೋಲ್ಡರಿನಲ್ಲಿರುವ ಮುಖ್ಯ ಪತ್ರಗಳನ್ನು ಬ್ರೌಸರಿನಿಂದಲೇ ಒಂದೊಂದಾಗಿ ಉಳಿಸಬೇಕಾಗುತ್ತದೆ. ವಿಳಾಸಗಳ ಪಟ್ಟಿ ಪತ್ರಗಳ ಜೊತೆಗೆ ಬರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಿರಿ. ಪ್ರಿಂಟ್ ತೆಗೆದಿಟ್ಟರೆ ಸಾಕೆಂದು ಕೆಲವರು ತಿಳಿಯುತ್ತಾರೆ, ಅದು ಸಾಲದು. ಪತ್ರ ಎಲ್ಲಿಂದ, ಯಾವ ಸರ್ವರುಗಳ ಮೂಲಕ, ಯಾವ ಹೊತ್ತಿಗೆ ಬಂತು ಎಂಬ ಮಾಹಿತಿ ಮೂಲ ಕಡತದಲ್ಲಿ ಮಾತ್ರ ಇರುತ್ತದೆ, ನಾಳೆ ಯಾರಾದರೂ ‘ಆ ಮೇಲ್ ನಾವು ಕಳಿಸಿಯೇ ಇಲ್ಲ’ ಎಂದರೆ ಬೇಕಾಗುವುದು ಅದೇ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ಮಾತು ಹೇಳಬೇಕು. ಎಲ್ಲ ಕಂಪ್ಯೂಟರುಗಳಲ್ಲಿಯೂ ಕನ್ನಡ ಸರಿಯಾಗಿ ಕಾಣುವಂತೆ ಮಾಡಿದ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ಮುಂತಾದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಹಳೆಯ ಮೇಲ್‌ಗಳಲ್ಲಿ ರಾಶಿ ರಾಶಿ ಇರುತ್ತವೆ. ಗದಗಿನ ಮುದ್ರಕರ ಪೆಟ್ಟಿಗೆಗಳಲ್ಲಂತೂ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳೆಲ್ಲ ಅದರಲ್ಲಿಯೇ ಇವೆ. ಕಡತವನ್ನಷ್ಟೇ ಉಳಿಸಿ ಫಾಂಟನ್ನು ಬಿಟ್ಟರೆ, ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಮಾತ್ರ ಕಾಣುತ್ತವೆ. ಆದ್ದರಿಂದ ಹಳೆಯ ಕಂಪ್ಯೂಟರಿನಲ್ಲಿರುವ ಆ ಫಾಂಟ್ ಕಡತಗಳನ್ನೂ ಅದೇ ಡಿಸ್ಕಿಗೆ ಹಾಕಿಡಿ, ಬಿಡುವಾದಾಗ ಮುಖ್ಯವಾದವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಚೆನ್ನಾಗಿಯೇ ನಡೆಯುತ್ತಿದ್ದ ಸೇವೆಯನ್ನು ಕಂಪನಿಗಳು ಏಕೆ ನಿಲ್ಲಿಸುತ್ತವೆ?

ಮುಖ್ಯ ಕಾರಣ ಖರ್ಚು. ಮೇಲ್ ಸರ್ವರ್ ಎಂದರೆ ಒಮ್ಮೆ ಕೂಡಿಸಿ ಬಿಟ್ಟರೆ ತಾನೇ ನಡೆಯುವ ಯಂತ್ರವಲ್ಲ. ಸ್ಪ್ಯಾಮ್ ತಡೆಯಬೇಕು, ಕದ್ದ ಪಾಸ್‌ವರ್ಡ್‌ಗಳಿಂದ ಯಾರೋ ನುಗ್ಗುವುದನ್ನು ತಡೆಯಬೇಕು, ತಮ್ಮ ಸರ್ವರಿನಿಂದ ಹೊರಟ ಪತ್ರಗಳನ್ನು ಬೇರೆ ಕಂಪನಿಗಳು ಸ್ವೀಕರಿಸುವಂತೆ ನೋಡಿಕೊಳ್ಳಬೇಕು. ಕಳುಹಿಸಿದವರು ನಿಜವಾಗಿ ಅವರೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ವ್ಯವಸ್ಥೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಮೇಲ್ ಕಳುಹಿಸುವವರೆಲ್ಲ ಪಾಲಿಸಬೇಕೆಂದು ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದವು. ಇದಕ್ಕೆಲ್ಲ ನುರಿತ ಸಿಬ್ಬಂದಿ ಬೇಕು. ಇನ್ನೊಂದು ಕಡೆ, 2004ರಲ್ಲಿ ಜಿಮೇಲ್ ಒಂದು ಜಿಬಿ ಜಾಗವನ್ನು ಉಚಿತವಾಗಿ ಕೊಡಲು ಆರಂಭಿಸಿದ ಮೇಲೆ, ಇಂಟರ್‌ನೆಟ್ ಕಂಪನಿಗಳು ಕೊಡುತ್ತಿದ್ದ ಪುಟ್ಟ ಪೆಟ್ಟಿಗೆಗಳಿಗೆ ಹೊಸ ಗ್ರಾಹಕರು ಬರುವುದು ಕಡಿಮೆಯಾಯಿತು. ಹಳೆಯ ಗ್ರಾಹಕರು ಉಳಿದರು, ಆದಾಯ ಉಳಿಯಲಿಲ್ಲ.

ನಮ್ಮ ದೇಶದಲ್ಲಿಯೇ ಟೈಮ್ಸ್ ಸಮೂಹದ ಇಂಡಿಯಾಟೈಮ್ಸ್ ಮೇಲ್ 2013ರಲ್ಲಿ ನಿಂತಿತು. ಕಂಪನಿಯೇ ಕೈಬದಲಾಗುವುದು ಮತ್ತೊಂದು ಕಾರಣ. ಸ್ಕಿಫ್ ಎಂಬ ಮೇಲ್ ಸೇವೆಯನ್ನು 2024ರ ಫೆಬ್ರುವರಿಯಲ್ಲಿ ನೋಷನ್ ಕಂಪನಿ ಕೊಂಡಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಸೇವೆ ಮುಚ್ಚಿತು. ಅಮೆರಿಕದ ಲಾವಾಬಿಟ್ ಎಂಬ ಮೇಲ್ ಸೇವೆ 2013ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರದೊಂದಿಗಿನ ಕಾನೂನು ಸಂಘರ್ಷದ ಕಾರಣದಿಂದ ಮುನ್ಸೂಚನೆಯೇ ಇಲ್ಲದೆ ನಿಂತುಹೋಯಿತು.

ಆದರೆ ಕಾರಣ ಸರಿಯಿದೆ ಎಂದ ಮಾತ್ರಕ್ಕೆ ನಿಲ್ಲಿಸುವ ರೀತಿಯೂ ಸರಿಯಿದೆ ಎಂದಾಗುವುದಿಲ್ಲ. ಅಮೆರಿಕದ ವೆರೈಝನ್ ಎಂಬ ದೂರಸಂಪರ್ಕ ಕಂಪನಿ 2017ರಲ್ಲಿ ಮೇಲ್ ವ್ಯವಹಾರದಿಂದ ಹೊರಬಂದಾಗ, ಬೇಕೆಂದವರು ತಮ್ಮ ಹಳೆಯ ವಿಳಾಸವನ್ನೇ ಎಒಎಲ್ ಎಂಬ ಮೇಲ್ ಸೇವೆಯ ಮೂಲಕ ಉಳಿಸಿಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಅಲ್ಲಿನದೇ ಕಾಕ್ಸ್ ಕಂಪನಿ 2024ರಲ್ಲಿ ತನ್ನ ಗ್ರಾಹಕರ ಪೆಟ್ಟಿಗೆಗಳನ್ನು ಯಾಹೂಗೆ ಒಪ್ಪಿಸಿದಾಗಲೂ ವಿಳಾಸ ಬದಲಾಗಲಿಲ್ಲ. ಸೇವೆ ನಡೆಸುವುದು ಆಗದಿದ್ದರೂ ವಿಳಾಸವನ್ನು ಕಾಪಾಡುವುದು ಸಾಧ್ಯವೆಂಬುದಕ್ಕೆ ಇವು ಸಾಕ್ಷಿ. ಇಲ್ಲಿಯ ಕಂಪನಿಗಳಿಂದಲೂ ನಾವು ಇಷ್ಟನ್ನು ಕೇಳುವುದು ಅತಿಯಲ್ಲ.

ಮೊಬೈಲ್ ನಂಬರಿನಂತೆ ಮೇಲ್ ಐಡಿಯನ್ನೂ ಬೇರೆ ಕಂಪನಿಗೆ ಪೋರ್ಟ್ ಮಾಡಿಸಲು ಬರುವುದಿಲ್ಲವೇ?

ಬರುವುದಿಲ್ಲ. ‘ಅಲ್ರೀ, ಬೋರ್ಡಿನ ಮ್ಯಾಲೆ, ಬಿಲ್ ಬುಕ್ಕಿನ ಮ್ಯಾಲೆ ಎಲ್ಲಾ ಕಡೆ ಅದನ್ನ ಬರಿಸೇವಿ, ಅದು ನಮ್ಮದಲ್ಲ ಅಂದ್ರ ಹೆಂಗ್ರೀ’ ಎಂದು ಕೇಳುವವರಿಗೆ ನಾನು ಕೊಡಬೇಕಾದ ಉತ್ತರ ಇದೊಂದೇ, ಇದನ್ನು ಹೇಳುವಾಗ ನನಗೂ ಬೇಸರವಾಗುತ್ತದೆ. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ವ್ಯವಸ್ಥೆ ದೇಶದಾದ್ಯಂತ 2011ರ ಜನವರಿ 20ರಂದು ಜಾರಿಗೆ ಬಂತು. ನಂಬರುಗಳು ಸರ್ಕಾರ ಹಂಚುವ ಸಂಪತ್ತಾದ್ದರಿಂದ ಅದು ಸಾಧ್ಯವಾಯಿತು. ಮೇಲ್ ವಿಳಾಸದಲ್ಲಿ @ ಚಿಹ್ನೆಯ ಹಿಂದಿನ ಭಾಗ ಮಾತ್ರ ನಿಮ್ಮ ಆಯ್ಕೆ, ಮುಂದಿನ ಭಾಗ ಕಂಪನಿಯ ಹೆಸರಿನಲ್ಲಿ ನೋಂದಣಿಯಾದ ಡೊಮೈನ್. ಆ ಡೊಮೈನಿಗೆ ಬರುವ ಪತ್ರಗಳನ್ನು ಯಾವ ಸರ್ವರಿಗೆ ಕಳುಹಿಸಬೇಕು ಎಂಬ ದಾಖಲೆಯನ್ನು ಅದರ ಒಡೆಯರು ಮಾತ್ರ ಬದಲಿಸಬಲ್ಲರು. ದುರ್ಗದಬೈಲಿನಲ್ಲಿ ಬಾಡಿಗೆ ಮಳಿಗೆ ಹಿಡಿದು ಹೆಸರು ಮಾಡಿದವರು ಮಳಿಗೆ ಬಿಡುವಾಗ ಸರಕನ್ನೆಲ್ಲ ಒಯ್ಯಬಹುದು, ಜಾಗವನ್ನು ಒಯ್ಯಲಾರರು. ಇಲ್ಲಿ ಆಗುವುದೂ ಅದೇ.

ಡೊಮೈನ್ ತಮ್ಮದಾಗಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಕೇಂದ್ರ ಸರ್ಕಾರವೇ ಉದಾಹರಣೆ. ಅದರ ಲಕ್ಷಾಂತರ ನೌಕರರ ಮೇಲ್ ವ್ಯವಸ್ಥೆ ಇತ್ತೀಚೆಗೆ ಝೋಹೋ ಕಂಪನಿಯ ವೇದಿಕೆಗೆ ಹೋಯಿತು. ಆದರೂ ಅದಕ್ಕಾಗಿ ಕಚೇರಿಗಳು ಹೊಸ ವಿಳಾಸವನ್ನು ಊರಿಗೆಲ್ಲ ಸಾರಬೇಕಾಗಿ ಬರಲಿಲ್ಲ, ಏಕೆಂದರೆ @ ಚಿಹ್ನೆಯ ಮುಂದಿನ ಹೆಸರು ಸರ್ಕಾರದ್ದಾಗಿಯೇ ಉಳಿಯಿತು.

ಹಣ ಕಟ್ಟಿ ಪಡೆದ ಸೇವೆ ಇದು. ಗ್ರಾಹಕನಾಗಿ ನನಗೆ ಯಾವ ಹಕ್ಕೂ ಇಲ್ಲವೇ?

ಇದೆ, ಆದರೆ ಅದರ ಮಿತಿಯನ್ನು ತಿಳಿದುಕೊಂಡು ಹೊರಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉಚಿತವಾಗಿ ಕೊಡುವ ಸೇವೆ ‘ಸೇವೆ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಬಿಡಿಯಾಗಿ ಉಚಿತವಾಗಿ ಪಡೆದ ಮೇಲ್ ಐಡಿಯ ವಿಷಯದಲ್ಲಿ ಈ ಕಾಯ್ದೆಯನ್ನು ಹಿಡಿದು ಹೋರಾಡುವುದು ಕಷ್ಟ. ವರ್ಷದ ಶುಲ್ಕ ಕಟ್ಟಿದ್ದರೆ, ಅಥವಾ ಬ್ರಾಡ್‌ಬ್ಯಾಂಡ್ ಯೋಜನೆಯ ಭಾಗವಾಗಿ ಮೇಲ್ ಕೊಡುತ್ತೇವೆಂದು ಹೇಳಿ ಹಣ ಪಡೆದಿದ್ದರೆ, ಸೇವಾ ನ್ಯೂನತೆಯ ವಾದಕ್ಕೆ ನೆಲೆ ಇದೆ. ಹಾಗಾಗಿ ಬಿಲ್ಲುಗಳನ್ನೂ, ಯೋಜನೆಯ ವಿವರವಿದ್ದ ಕರಪತ್ರ ಅಥವಾ ಮೇಲ್ ಅನ್ನೂ ಮೊದಲು ಹುಡುಕಿ ಇಟ್ಟುಕೊಳ್ಳಿ. ‘ಗ್ರಾಹಕ’ ಎಂಬುದಕ್ಕೂ ಒಂದು ಮಿತಿ ಇದೆ. ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಗೆ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ನಡೆಸುವ ಸಣ್ಣ ಉದ್ಯೋಗವನ್ನು ಅದು ಹೊರಗಿಡುವುದಿಲ್ಲ. ಒಬ್ಬರೇ ನಡೆಸುವ ಮುದ್ರಣಾಲಯ ಈ ರಕ್ಷಣೆಯೊಳಗೆ ಬರುವ ಸಾಧ್ಯತೆ ಇದೆ, ದೊಡ್ಡ ಕಾರ್ಖಾನೆಗೆ ಅದು ಕಠಿಣ.

ಮೊದಲ ಹೆಜ್ಜೆ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡುವುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಮಧ್ಯವರ್ತಿ (ಬೇರೆಯವರ ಪತ್ರ, ಮಾಹಿತಿಗಳನ್ನು ಇಟ್ಟುಕೊಂಡು ಸಾಗಿಸುವ) ಕಂಪನಿಗಳು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕದ ವಿವರವನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ನಿಯಮದಲ್ಲಿ ಹೇಳಿದ ಗಡುವಿನೊಳಗೆ ಇತ್ಯರ್ಥಪಡಿಸಬೇಕು. ಕಸ್ಟಮರ್ ಕೇರ್‌ನವರ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿ ಬಂದ ಭರವಸೆಗೆ ದಾಖಲೆ ಇರುವುದಿಲ್ಲ, ಈ ಅಧಿಕಾರಿಗೆ ಕಳುಹಿಸಿದ ದೂರಿಗೆ ಇರುತ್ತದೆ. ಎರಡನೆಯದಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಕಂಪನಿ ದಿಲ್ಲಿಯದಿರಲಿ, ಮುಂಬೈಯದಿರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು, ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗೆ ಇದ್ದರೆ ಆಯೋಗಕ್ಕೆ ಶುಲ್ಕವಿಲ್ಲ. ಉಳಿದ ಅವಧಿಯ ಹಣ, ಆದ ನಷ್ಟಕ್ಕೆ ಪರಿಹಾರ, ಇವುಗಳನ್ನು ಕೇಳಬಹುದು. ನಿಂತ ಸೇವೆ ಮತ್ತೆ ಆರಂಭವಾಗುತ್ತದೆ ಎಂಬ ಆಸೆಯಿಂದ ಮಾತ್ರ ಹೋಗಬೇಡಿ.

ಕಂಪನಿ ಎಷ್ಟು ಮುಂಚಿತವಾಗಿ ತಿಳಿಸಬೇಕಿತ್ತು?

ಕರಾರಿನಲ್ಲಿ ಬರೆದಿರುವ ಅವಧಿ ಹೆಚ್ಚಾಗಿ ಮೂವತ್ತು ಅಥವಾ ಅರವತ್ತು ದಿನ. ನನ್ನ ಅಭಿಪ್ರಾಯದಲ್ಲಿ ಅದು ಏನೇನೂ ಸಾಲದು. ಆದಾಯ ತೆರಿಗೆ, ವಿಮೆ, ಡೊಮೈನ್, ವ್ಯಾಪಾರ ಪರವಾನಿಗೆ ಇವೆಲ್ಲ ವರ್ಷಕ್ಕೊಮ್ಮೆ ನೆನಪಿಸುವಂಥವು. ಒಂದು ವರ್ಷ ಪೂರ್ತಿ ತಿರುಗದೆ ಆ ಐಡಿಗೆ ಏನೇನು ಬರುತ್ತದೆ ಎಂಬುದು ಗ್ರಾಹಕರಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ವರ್ಷದ ಮುನ್ಸೂಚನೆ ಕೊಡಬೇಕು, ನಂತರವೂ ಕೆಲವು ಕಾಲ ಪತ್ರಗಳನ್ನು ಹೊಸ ಐಡಿಗೆ ತಿರುಗಿಸಿ ಕಳುಹಿಸಬೇಕು. ಸೂಚನೆಯನ್ನು ಆ ಮೇಲ್ ಪೆಟ್ಟಿಗೆಗೆ ಮಾತ್ರ ಹಾಕಿ ಕೈತೊಳೆದುಕೊಳ್ಳುವುದು ನನಗೆ ತೀರ ಅನ್ಯಾಯವೆನಿಸುತ್ತದೆ. ನವಲಗುಂದದ ರೈತರೊಬ್ಬರೋ, ಹಾನಗಲ್ಲಿನ ಅಂಗಡಿಯವರೊಬ್ಬರೋ ಆ ಪೆಟ್ಟಿಗೆಯನ್ನು ತೆರೆಯುವುದು ವರ್ಷದಲ್ಲಿ ಎರಡೋ ಮೂರೋ ಸಲ, ತೆರೆದರೂ ಅಲ್ಲಿರುವುದು ಇಂಗ್ಲಿಷ್ ಒಕ್ಕಣೆ. ಪ್ರತಿ ತಿಂಗಳು ಬಿಲ್ಲಿಗಾಗಿ ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸಬಲ್ಲ ಕಂಪನಿ ಇದನ್ನೂ ಕನ್ನಡದಲ್ಲಿ ತಿಳಿಸಬಲ್ಲದು. ದೂರು ಬರೆಯುವಾಗ ಈ ಮಾತನ್ನು ಬಿಡದೆ ಸೇರಿಸಿರಿ.

ನಿಂತ ಮೇಲೆ ಹಳೆಯ ಐಡಿಗೆ ಯಾರಾದರೂ ಬರೆದರೆ ಏನಾಗುತ್ತದೆ?

ಡೊಮೈನ್ ಜೀವಂತವಿದ್ದು ನಿಮ್ಮ ಪೆಟ್ಟಿಗೆ ಮಾತ್ರ ಮುಚ್ಚಿದ್ದರೆ, ಬರೆದವರಿಗೆ 550 ಎಂಬ ಸಂಖ್ಯೆಯೊಂದಿಗೆ ಪತ್ರ ತಕ್ಷಣ ಹಿಂದಿರುಗುತ್ತದೆ. ಸರ್ವರೇ ಉತ್ತರ ಕೊಡದಿದ್ದರೆ ಕಳುಹಿಸಿದವರ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಪ್ರಯತ್ನಿಸಿ ನಂತರ ಕೈಬಿಡುತ್ತದೆ. ಅಷ್ಟು ದಿನ ಅವರು ಪತ್ರ ನಿಮಗೆ ಮುಟ್ಟಿದೆ ಎಂದೇ ತಿಳಿದಿರುತ್ತಾರೆ. ಇವೆರಡಕ್ಕಿಂತ ಅಪಾಯಕಾರಿಯಾದದ್ದು ಹಳೆಯ ವಿಳಾಸ ಬೇರೆಯವರ ಕೈಗೆ ಹೋಗುವುದು. 2013ರಲ್ಲಿ ಯಾಹೂ ಒಂದು ವರ್ಷದಿಂದ ಬಳಸದೆ ಬಿಟ್ಟ ಐಡಿಗಳನ್ನು ಹೊಸಬರಿಗೆ ಕೊಟ್ಟಾಗ, ಹಳಬರಿಗೆ ಸೇರಬೇಕಾದ ಖಾಸಗಿ ಪತ್ರಗಳು ತಮಗೆ ಬರುತ್ತಿವೆ ಎಂದು ಹೊಸಬರೇ ಹೇಳಿದರು. ಕಂಪನಿ ಡೊಮೈನನ್ನು ನವೀಕರಿಸದೆ ಬಿಟ್ಟು ಮತ್ಯಾರೋ ಕೊಂಡರೆ, ಅವರು ನಿಮ್ಮ ಐಡಿಯನ್ನೇ ಮತ್ತೆ ಸೃಷ್ಟಿಸಿ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಒಂದೇ ಗುಂಡಿಯಿಂದ ನಿಮ್ಮ ಉಳಿದ ಖಾತೆಗಳಿಗೆ ನುಗ್ಗಬಹುದು. ಹೊಸ ಐಡಿಯನ್ನು ಸೇರಿಸಿದರೆ ಮಾತ್ರ ಸಾಲದು, ಪ್ರತಿ ಖಾತೆಯಿಂದಲೂ ಹಳೆಯದನ್ನು ತೆಗೆದುಹಾಕಲೇಬೇಕು ಎಂದು ಹೇಳುವುದು ಇದಕ್ಕಾಗಿಯೇ.

ನಮ್ಮ ಗಿರಾಕಿಗಳಿಗೆ ಹೇಗೆ ತಿಳಿಸಬೇಕು? ಅವರು ನಂಬುತ್ತಾರೆಯೇ?

ನಂಬದಿರುವುದೇ ಅವರಿಗೆ ಒಳ್ಳೆಯದು, ಏಕೆಂದರೆ ‘ನಮ್ಮ ಮೇಲ್ ಐಡಿ ಬದಲಾಗಿದೆ, ಇನ್ನು ಮುಂದೆ ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಬರೆದು ಮೋಸ ಮಾಡುವವರು ಬಳಸುವುದು ಇದೇ ಸಂದರ್ಭವನ್ನು. ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿಂದ ಮಾಲು ತರಿಸಿಕೊಳ್ಳುವ ಕೇರಳದ ಕಂಪನಿಗೆ ಹೊಸ ಐಡಿಯಿಂದ ಬಿಲ್ ಹೋದರೆ, ಅಲ್ಲಿಯ ಲೆಕ್ಕದವರು ಪಾವತಿಯನ್ನು ತಡೆಹಿಡಿಯುವುದು ನ್ಯಾಯವೇ. ಆದ್ದರಿಂದ ಸೂಚನೆಯನ್ನು ಹಳೆಯ ಐಡಿಯಿಂದಲೇ ಕಳುಹಿಸಿ, ದೊಡ್ಡ ಗಿರಾಕಿಗಳಿಗೆ ಫೋನಿನಲ್ಲಿಯೂ ಹೇಳಿ. ಒಕ್ಕಣೆ ಹೀಗಿರಲಿ:

‘ಮಾನ್ಯರೇ, ನಮ್ಮ ಈ ಇಮೇಲ್ ಸೇವೆಯನ್ನು ಅದನ್ನು ಒದಗಿಸುತ್ತಿದ್ದ ಕಂಪನಿ ನಿಲ್ಲಿಸುತ್ತಿದೆ. ಇನ್ನು ಮುಂದೆ ಆರ್ಡರ್, ಬಿಲ್ ಮತ್ತು ಪತ್ರಗಳನ್ನು ಕೆಳಗಿನ ಹೊಸ ಐಡಿಗೆ ಕಳುಹಿಸಬೇಕಾಗಿ ವಿನಂತಿ. ನಮ್ಮ ಬ್ಯಾಂಕ್ ಖಾತೆ, ಜಿಎಸ್‌ಟಿ ಸಂಖ್ಯೆ, ಫೋನ್ ನಂಬರ್ ಯಾವುದೂ ಬದಲಾಗಿಲ್ಲ. ಸಂಶಯವಿದ್ದರೆ ನಿಮ್ಮ ಬಳಿ ಮೊದಲಿನಿಂದಲೂ ಇರುವ ನಮ್ಮ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿರಿ.’

ಬ್ಯಾಂಕ್ ಖಾತೆ ಬದಲಾಗಿಲ್ಲ ಎಂಬ ವಾಕ್ಯವನ್ನು ಮಾತ್ರ ಬಿಡಬೇಡಿ. ಲೆಟರ್‌ಹೆಡ್, ಬಿಲ್ ಬುಕ್ ಹೊಸದಾಗಿ ಮುದ್ರಿಸುವವರೆಗೆ ರಬ್ಬರ್ ಸ್ಟ್ಯಾಂಪ್ ಒಂದನ್ನು ಮಾಡಿಸಿ ಹಳೆಯ ಐಡಿಯ ಪಕ್ಕದಲ್ಲಿ ಒತ್ತಿದರೆ ಸಾಕು.

ಹೊಸ ಐಡಿ ಎಲ್ಲಿ ಮಾಡಿಕೊಳ್ಳಲಿ? ಮತ್ತೆ ಇದೇ ಪಾಡು ಬಂದರೆ?

ಮನೆಯ ಬಳಕೆಗೆ ದೊಡ್ಡ ಉಚಿತ ಸೇವೆಗಳಲ್ಲಿ ಯಾವುದಾದರೂ ನಡೆಯುತ್ತದೆ. ಆದರೆ ಅಲ್ಲಿಯೂ ನಿಯಮಗಳಿವೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ತಂದಿದೆ. ಜಿಮೇಲ್‌ನ ಉಚಿತ 15 ಜಿಬಿ ಜಾಗ ಫೋಟೋ ಮತ್ತು ಡ್ರೈವ್‌ಗೂ ಸೇರಿದ್ದು. ಅದು ತುಂಬಿ ಹಾಗೇ ಬಿಟ್ಟರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ.

ಹೊಟ್ಟೆಪಾಡಿನ ವ್ಯವಹಾರ ಮೇಲ್ ಮೇಲೆ ನಿಂತಿದ್ದರೆ ಸ್ವಂತ ಡೊಮೈನ್ ತೆಗೆದುಕೊಳ್ಳಿ ಎಂಬುದೇ ನನ್ನ ಸಲಹೆ. ಡಾಟ್ ಇನ್ ಎಂದು ಕೊನೆಯಾಗುವ ಹೆಸರುಗಳ ನೋಂದಣಿಯನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ, ಅದು ಮಾನ್ಯ ಮಾಡಿದ ಯಾವ ಕಂಪನಿಯಿಂದಲಾದರೂ ಕೊಳ್ಳಬಹುದು. ಮೇಲ್ ನಡೆಸುವ ಕೆಲಸವನ್ನು ಬೇರೆ ಕಂಪನಿಗೆ ಕೊಡಿ. ನಾಳೆ ಅದು ಮುಚ್ಚಿದರೆ ಡೊಮೈನಿನ ದಾಖಲೆಯನ್ನು ಬದಲಿಸಿ ಇನ್ನೊಂದಕ್ಕೆ ಹೋಗಬಹುದು, ವಿಳಾಸ ನಿಮ್ಮದಾಗಿಯೇ ಇರುತ್ತದೆ. ಡೊಮೈನ್ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಲಿ. ಜಾಲತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬಿಡಬೇಡಿ. ಅವನು ಒಳ್ಳೆಯವನೇ ಇರಬಹುದು, ಆದರೆ ನಾಳೆ ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದರೆ ನವೀಕರಣದ ಕರೆ ಅವನಿಗೆ ಹೋಗುತ್ತದೆ. ಆ ಖಾತೆಯ ಸಂಪರ್ಕಕ್ಕೆ ಅದೇ ಡೊಮೈನಿನ ಐಡಿಯನ್ನು ಕೊಡಬೇಡಿ. ಡೊಮೈನ್ ನಿಂತಾಗ ಅದನ್ನು ಎಚ್ಚರಿಸುವ ಪತ್ರವೂ ನಿಲ್ಲುತ್ತದೆ. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಡೊಮೈನ್ ಸಿಗುತ್ತದೆ, ನನಗೆ ಅದರ ಬಗ್ಗೆ ಅಭಿಮಾನವೂ ಇದೆ. ಆದರೆ ಕನ್ನಡ ಅಕ್ಷರದ ಮೇಲ್ ವಿಳಾಸವನ್ನು ಅನೇಕ ಜಾಲತಾಣಗಳ ಅರ್ಜಿಗಳು ಇನ್ನೂ ಒಪ್ಪುವುದಿಲ್ಲವಾದ್ದರಿಂದ, ಸದ್ಯಕ್ಕೆ ಅದನ್ನೇ ಏಕೈಕ ವಿಳಾಸವಾಗಿ ಇಟ್ಟುಕೊಳ್ಳಬೇಡಿ.

ತೀರಿಕೊಂಡ ತಂದೆಯವರ ಐಡಿ ಅದು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ.

ಕಂಪನಿಗಳು ಸಾಮಾನ್ಯವಾಗಿ ಪಾಸ್‌ವರ್ಡ್ ಕೊಡುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಯೊಂದಿಗೆ ಗಡುವಿನೊಳಗೆ ಬರವಣಿಗೆಯಲ್ಲಿ ಕೇಳಿ. ಅದರ ಜೊತೆಗೆ ಅವರು ಬಳಸುತ್ತಿದ್ದ ಮೊಬೈಲ್ ಮತ್ತು ಕಂಪ್ಯೂಟರನ್ನು ಯಾರಿಗೂ ಕೊಡದೆ, ಫಾರ್ಮ್ಯಾಟ್ ಮಾಡಿಸದೆ ಇಟ್ಟುಕೊಳ್ಳಿ, ಅಲ್ಲಿ ಲಾಗಿನ್ ಇನ್ನೂ ತೆರೆದಿರಬಹುದು.

ಗಡುವು ಮುಗಿದೇ ಹೋಗಿದೆ. ಇನ್ನೇನಾದರೂ ಉಳಿದಿದೆಯೇ?

ಮೊದಲು ಕಂಪನಿಗೆ ಬರೆದು ಕೇಳಿ. ಸೇವೆ ನಿಲ್ಲಿಸಿದ ದಿನವೇ ಎಲ್ಲ ಕಂಪನಿಗಳೂ ಸರ್ವರನ್ನು ಅಳಿಸುವುದಿಲ್ಲ. ಕೆಲವು ದಿನ ಓದಲು ಮಾತ್ರ ತೆರೆದಿಡುವುದುಂಟು. ಉತ್ತರ ಬರುವವರೆಗೆ, ಆ ಐಡಿಯನ್ನು ಜೋಡಿಸಿದ್ದ ಫೋನು ಮತ್ತು ಕಂಪ್ಯೂಟರುಗಳನ್ನು ಇಂಟರ್‌ನೆಟ್‌ಗೆ ಸೇರಿಸಬೇಡಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಮೇಲ್ ಆ್ಯಪ್ ತೆರೆದರೆ ಇತ್ತೀಚಿನ ಪತ್ರಗಳು ಅಲ್ಲಿಯೇ ಉಳಿದಿರುವ ಸಾಧ್ಯತೆ ಇದೆ, ಮುಖ್ಯವಾದವುಗಳನ್ನು ಅಲ್ಲಿಂದಲೇ ಉಳಿಸಿಕೊಳ್ಳಿ.

ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಔಟ್‌ಲುಕ್ ಎಂಬ ಮೇಲ್ ತಂತ್ರಾಂಶ ಬಳಸಿದ್ದರೆ ಆಸೆ ಇನ್ನೂ ಹೆಚ್ಚು. ಪಾಪ್ ವಿಧಾನದಲ್ಲಿ ಜೋಡಿಸಿದ್ದರೆ ಪತ್ರಗಳು ಪಿಎಸ್‌ಟಿ ಎಂಬ ಕಡತದಲ್ಲಿ ಕಂಪ್ಯೂಟರಿನಲ್ಲಿಯೇ ಇರುತ್ತವೆ. ಐಮ್ಯಾಪ್ ವಿಧಾನವಾಗಿದ್ದರೆ ಸಾಮಾನ್ಯವಾಗಿ ಒಎಸ್‌ಟಿ ಎಂಬ ಕಡತವಿರುತ್ತದೆ. ಔಟ್‌ಲುಕ್‌ನಿಂದ ಖಾತೆಯನ್ನು ತೆಗೆದರೆ ಅದು ನಿರುಪಯೋಗಿಯಾಗುತ್ತದೆ. ಆದ್ದರಿಂದ ‘ಹೇಗೂ ಐಡಿ ಸತ್ತಿದೆ’ ಎಂದು ಆ ಖಾತೆಯನ್ನು ಅಳಿಸಬೇಡಿ. ಇಂಟರ್‌ನೆಟ್ ತಂತಿ ಕಿತ್ತಿಟ್ಟು ಔಟ್‌ಲುಕ್ ತೆರೆದು, ಎಲ್ಲ ಫೋಲ್ಡರುಗಳನ್ನು ಪಿಎಸ್‌ಟಿ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿಸಿ. ಕೈಗೆ ಸಿಗದೆ ಹೋದ ಬಿಲ್ಲು ಮತ್ತು ಕರಾರುಗಳ ಪ್ರತಿ ಎದುರಿನವರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ಮೂಲ ಪತ್ರವನ್ನೇ ಹೊಸ ಐಡಿಗೆ ಫಾರ್ವರ್ಡ್ ಮಾಡಿ ಕೊಡುವಂತೆ ಅವರನ್ನು ಕೇಳಿ, ಲೆಕ್ಕಪರಿಶೋಧನೆಗೆ ಬೇಕಾಗುವ ವರ್ಷಗಳಿಂದ ಆರಂಭಿಸಿರಿ.